ಹಳೆಯ ವಾಲ್ವು ವರ್ಧಕವನ್ನು ಮತ್ತೆ ನುಡಿಸುವ ಬಗೆ

ಧ್ವನಿಮುದ್ರಿಕೆಗಳನ್ನು ಮನೆಯಲ್ಲಿ ಕೇಳುವ ಹವ್ಯಾಸವುಳ್ಳವರಲ್ಲಿ ಹಲವರು ಹಳೆಯ ವಾಲ್ವು ವರ್ಧಕಗಳನ್ನು ಅರಸಿ ತರುವುದುಂಟು. ಅರ್ಧ ಶತಮಾನ ಅಟ್ಟದ ಮೇಲೆ ಮಲಗಿದ್ದ ಇಂಥ ಯಂತ್ರ ಕೈಗೆ ಬಂದೊಡನೆ ಅದನ್ನು ವಿದ್ಯುತ್ತಿಗೆ ಸೇರಿಸಿ, ಇನ್ನೂ ಜೀವವಿದೆಯೇ ಎಂದು ನೋಡುವ ಆತುರ ಸಹಜವಾದುದೇ. ಆದರೆ ಅಷ್ಟು ವರ್ಷ ಕೆಡದೆ ಉಳಿದಿದ್ದ ಅದರ ಅತ್ಯಮೂಲ್ಯ ಭಾಗವು ಆ ಆತುರದಿಂದ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಬಹುದು. ಇದು ಏಕೆ, ಇದನ್ನು ತಪ್ಪಿಸುವುದು ಹೇಗೆ ಎಂಬುದನ್ನು ಒಂದು ಪ್ರಸಿದ್ಧ ಯಂತ್ರವನ್ನೇ ಮುಂದಿಟ್ಟುಕೊಂಡು ವಿಚಾರಿಸೋಣ.

ಆ ಯಂತ್ರ ಡೈನಾಕೊ ಸ್ಟೀರಿಯೊ 70. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡೇವಿಡ್ ಹ್ಯಾಫ್ಲರರ ಡೈನಾಕೊ ಸಂಸ್ಥೆ 1959ರಲ್ಲಿ ಇದನ್ನು ಹೊರತಂದಿತು. ಎಡಬಲ ಎರಡು ವಾಹಿನಿಗಳಿಗೂ 35 ವ್ಯಾಟ್ ಶಕ್ತಿ. ನಾಲ್ಕು ಇಎಲ್34 ವಾಲ್ವುಗಳು, ಅವನ್ನು ನಡೆಸುವ ಎರಡು 7199 ವಾಲ್ವುಗಳು, ಏಕಮುಖ ವಿದ್ಯುತ್ತನ್ನು ಒದಗಿಸುವ ಒಂದು ಜಿಝಡ್34. ಬಿಡಿಭಾಗಗಳ ಪೆಟ್ಟಿಗೆಯಾಗಿ 99 ಡಾಲರ್ 95 ಸೆಂಟಿಗೆ ಕೊಂಡವರು ತಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳುತ್ತಿದ್ದರು. ಆದಕಾರಣ ಒಂದೊಂದು ಯಂತ್ರದ ಒಡಲೂ ಒಬ್ಬೊಬ್ಬರ ಕೈಬರಹದಂತೆ: ಕೆಲವು ಸೊಗಸು, ಕೆಲವು ಓದಲೇ ಆಗದವು.

ವಾಲ್ವಿನೊಳಗೆ ನಡೆಯುವುದು ಇಷ್ಟು. ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊಮ್ಮಿ, ನಿರ್ವಾತವನ್ನು ದಾಟಿ, ಸುಮಾರು 415 ವೋಲ್ಟುಗಳ ಧನಸ್ಥಿತಿಯಲ್ಲಿರುವ ಫಲಕವನ್ನು ಸೇರುತ್ತವೆ. ನಡುವೆ ಸಣ್ಣ ತಂತಿಯ ಜಾಲರಿಯಿದೆ. ಕ್ಯಾಥೋಡಿಗಿಂತ ಸುಮಾರು 35 ವೋಲ್ಟು ಋಣಸ್ಥಿತಿಯಲ್ಲಿರುವ ಈ ಜಾಲರಿಯು ಎಲೆಕ್ಟ್ರಾನುಗಳ ಪ್ರವಾಹವನ್ನು ತಡೆಹಿಡಿದು ಹದದಲ್ಲಿ ಇರಿಸುತ್ತದೆ. ಸಂಗೀತದ ಸಂಕೇತ ಆ ಜಾಲರಿಯ ಮೇಲೆ ಏರಿಳಿದಂತೆ ಪ್ರವಾಹವೂ ಏರಿಳಿಯುತ್ತದೆ, ಅದೇ ವರ್ಧನೆ. ಈ ಸ್ಥಿರವಾದ ಋಣ ವೋಲ್ಟೇಜನ್ನು ಬಯಾಸ್ ಎಂದು ಕರೆಯುತ್ತಾರೆ.

ಈಗ ಅಪಾಯ ಎಲ್ಲಿದೆಯೆಂಬುದು ಗೋಚರಿಸುತ್ತದೆ. ಬಯಾಸನ್ನು ಒದಗಿಸುವುದು ಬೆರಳುಗಾತ್ರದ ಒಂದು ಸೆಲೆನಿಯಮ್ ಏಕಮುಖಕಾರಿ ಮತ್ತು ಎರಡು ಪುಟ್ಟ ಕಂಡೆನ್ಸರುಗಳು. ಸೆಲೆನಿಯಮ್ಮಿಗೆ ವಯಸ್ಸಾದಂತೆ ಅದರ ರೋಧ ಹೆಚ್ಚುತ್ತದೆ, ಕಂಡೆನ್ಸರು ಒಣಗುತ್ತದೆ. ಬಯಾಸ್ ಕುಗ್ಗಿತೆಂದರೆ ಜಾಲರಿಯ ತಡೆ ಸಡಿಲವಾಗಿ, ಪ್ರವಾಹ ಮಿತಿಮೀರಿ, ವಾಲ್ವಿನ ಬೂದು ಫಲಕ ಕೆಂಪಗೆ ಕಾಯುತ್ತದೆ. ಮೇಲ್ತುದಿಯಲ್ಲಿ ಕಾಣುವ ತಂತುವಿನ ಕಿತ್ತಳೆ ಬೆಳಕು ನಿರಪಾಯಕರ. ಫಲಕದ ಮೈಮೇಲಿನ ಕೆಂಪು ಅಪಾಯದ್ದು. ಆ ಪ್ರವಾಹವೆಲ್ಲ ಹಾದುಹೋಗುವುದು ಸ್ಪೀಕರಿಗೆ ಶಕ್ತಿ ಮುಟ್ಟಿಸುವ ಟ್ರಾನ್ಸ್‌ಫಾರ್ಮರಿನ ಸುರುಳಿಯ ಮೂಲಕ. ವಾಲ್ವು ಹೋದರೆ ಇಂದಿಗೂ ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ತಯಾರಾದ ಇಎಲ್34 ದೊರೆಯುತ್ತದೆ. ಮೂಲ ಟ್ರಾನ್ಸ್‌ಫಾರ್ಮರು ಸುಟ್ಟರೆ ಅದಕ್ಕೆ ಸಾಟಿಯಾದುದನ್ನು ತರುವುದು ಕಷ್ಟ. ನಮ್ಮ ಅಭಿಪ್ರಾಯದಲ್ಲಿ ಈ ಯಂತ್ರದ ಬೆಲೆಯೆಲ್ಲ ಆ ಎರಡು ಟ್ರಾನ್ಸ್‌ಫಾರ್ಮರುಗಳಲ್ಲೇ ಇದೆ.

ಯಂತ್ರವನ್ನು ಮಗುಚಿ ಕೈಹಾಕುವ ಮೊದಲು ಕೈಹಾಕುವವರ ಜೀವದ ಮಾತು. ದೊಡ್ಡ ಕಂಡೆನ್ಸರಿನ ನಾಲ್ಕು ವಿಭಾಗಗಳು ಒಟ್ಟು 90 ಮೈಕ್ರೊಫ್ಯಾರಡ್. ಅವುಗಳಲ್ಲಿ ನಿಲ್ಲುವ ವಿದ್ಯುತ್ತು ಪ್ರಾಣಾಪಾಯ ತರಬಲ್ಲುದು. ವಾಲ್ವುಗಳೆಲ್ಲ ಕಾದಿರುವಾಗ ಯಂತ್ರವನ್ನು ಆರಿಸಿದರೆ ಅವೇ ಈ ವಿದ್ಯುತ್ತನ್ನು ಕುಡಿದುಬಿಡುತ್ತವೆ. ಆದುದರಿಂದಲೇ ಆರಿಸಿದ ಮೇಲೂ ಸಂಗೀತ ಕೆಲವು ಕ್ಷಣ ಕೇಳಿಸುತ್ತದೆ. ವಾಲ್ವುಗಳು ಕೆಟ್ಟಿದ್ದರೆ ಹೀಗೆ ಆಗದು, ವಿದ್ಯುತ್ತು ಬಹಳ ಹೊತ್ತು ಅಲ್ಲೇ ನಿಂತಿರುತ್ತದೆ. ಆದುದರಿಂದ ಪ್ಲಗ್ಗನ್ನು ಕಿತ್ತು, 10,000 ಓಮಿನ 10 ವ್ಯಾಟಿನ ರೋಧಕವೊಂದನ್ನು ಚೆನ್ನಾಗಿ ಹೊದಿಕೆಯುಳ್ಳ ತಂತಿಗಳಿಗೆ ಕಟ್ಟಿ, ಒಂದೊಂದು ವಿಭಾಗಕ್ಕೂ ಚಾಸಿಗೂ ನಡುವೆ ಅರ್ಧ ನಿಮಿಷ ಹಿಡಿದು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಮುಟ್ಟತಕ್ಕದ್ದು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಬರಿದುಮಾಡುವ ರೂಢಿ ಕೆಲವರಲ್ಲಿದೆ. ಅದು ಕಂಡೆನ್ಸರಿಗೂ ಕಣ್ಣಿಗೂ ಒಳ್ಳೆಯದಲ್ಲ.

ಬದಲಾಯಿಸಬೇಕಾದವು ಕೆಲವೇ. ಸೆಲೆನಿಯಮ್ಮಿನ ಜಾಗಕ್ಕೆ 1ಎನ್4007ರಂಥ ಸಿಲಿಕಾನ್ ಡಯೋಡು. ಕಿತ್ತ ಸೆಲೆನಿಯಮ್ಮನ್ನು ಸುಡಬಾರದು, ಹೊಗೆ ವಿಷ. ಬಯಾಸಿನ ಎರಡು ಕಂಡೆನ್ಸರುಗಳನ್ನು ಹಾಕುವಾಗ ಅವುಗಳ ಧನತುದಿ ಚಾಸಿಗೆ ಸೇರಬೇಕೆಂಬುದನ್ನು ಮರೆಯಬಾರದು, ಏಕೆಂದರೆ ಇಲ್ಲಿ ವೋಲ್ಟೇಜು ಋಣ. ರೂಢಿಯ ಬಲದಿಂದ ತಿರುಗುಮುರುಗಾಗುವುದು ಸುಲಭ. ಜಾಲರಿಗೆ ಸಂಕೇತ ಮುಟ್ಟಿಸುವ 0.1 ಮೈಕ್ರೊಫ್ಯಾರಡಿನ ಕಂಡೆನ್ಸರುಗಳು ಸೋರಿದರೆ ಧನ ವೋಲ್ಟೇಜು ಜಾಲರಿಗೆ ನುಗ್ಗಿ ಬಯಾಸನ್ನು ಕೊಲ್ಲುತ್ತದೆ; ಅವನ್ನೂ ಹೊಸದಾಗಿ ಹಾಕುವುದೇ ಲೇಸು. ದೊಡ್ಡ ಕಂಡೆನ್ಸರಿನ ಮೊದಲ ವಿಭಾಗ 30 ಮೈಕ್ರೊಫ್ಯಾರಡ್. ಗೂಂಗುಡುವ ಸದ್ದು ಅಡಗಲೆಂದು ಅದನ್ನು ಮನಬಂದಂತೆ ಹೆಚ್ಚಿಸಿದರೆ ಜಿಝಡ್34 ತಾಳದು, 60 ಅದರ ಮೇರೆ. ಎರಡು ಕಡ್ಡಿಯ ಹಳೆಯ ಪ್ಲಗ್ಗನ್ನು ತೆಗೆದು ಮೂರು ಕಡ್ಡಿಯದನ್ನು ಹಾಕಿ ಚಾಸಿಯನ್ನು ಭೂಮಿಗೆ ಸೇರಿಸಬೇಕು.

ಅಮೆರಿಕದ ಮನೆಗಳಿಗಾಗಿ ಮಾಡಿದ ಈ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಕೊಟ್ಟರೆ ಮೇಲಿನ ಶ್ರಮವೆಲ್ಲ ವ್ಯರ್ಥ. ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರು ಅವಶ್ಯ. ಅದರ ಮೊದಲಿಗೆ, ಸರಣಿಯಲ್ಲಿ, 100 ವ್ಯಾಟಿನ ಹಳೆಯ ತಂತುದೀಪವೊಂದನ್ನು ಸೇರಿಸೋಣ. ವಾಲ್ವುಗಳನ್ನೆಲ್ಲ ಕಿತ್ತು ಸ್ವಿಚ್ಚು ಹಾಕಿದಾಗ ದೀಪ ಕ್ಷಣಕಾಲ ಹೊಳೆದು ಮಂಕಾಗಬೇಕು. ಹೊಳೆಯುತ್ತಲೇ ಇದ್ದರೆ ಒಳಗೆ ಎಲ್ಲೋ ಮೊಟಕು ಸಂಪರ್ಕವಿದೆಯೆಂದರ್ಥ. ಮಂಕಾದರೆ ದೀಪವನ್ನು ತೆಗೆದು, ಪ್ರತಿಯೊಂದು ಇಎಲ್34 ಸಾಕೆಟ್ಟಿನ ಐದನೆಯ ಕಡ್ಡಿಯಲ್ಲಿ ಋಣ ವೋಲ್ಟೇಜು ಇದೆಯೇ ಎಂದು ಅಳೆಯಬೇಕು. ಬಯಾಸಿನ ತಿರುಪುಗಳನ್ನು ಅತಿ ಹೆಚ್ಚು ಋಣದ ಕಡೆಗೆ ತಿರುಗಿಸಿಡಬೇಕು. ನಾಲ್ಕೂ ಸಾಕೆಟ್ಟಿನಲ್ಲಿ ಇದು ಕಾಣುವವರೆಗೆ ವಾಲ್ವುಗಳನ್ನು ಇಡತಕ್ಕದ್ದಲ್ಲ. ಅವನ್ನು ಇಡುವ ಹೊತ್ತಿಗೆ ಎರಡು ವಾಹಿನಿಗಳಿಗೂ ಸ್ಪೀಕರು ಸೇರಿರಬೇಕು. ಸ್ಪೀಕರಿಲ್ಲದೆ ನುಡಿಸಿದರೂ ಟ್ರಾನ್ಸ್‌ಫಾರ್ಮರಿಗೆ ಹಾನಿ.

ಇನ್ನು ಹದಗೊಳಿಸುವ ಕೆಲಸ. ಒಂದೊಂದು ವಾಹಿನಿಯ ಎರಡು ವಾಲ್ವುಗಳ ಪ್ರವಾಹ 15.6 ಓಮಿನ ಒಂದು ರೋಧಕದಲ್ಲಿ ಹರಿಯುತ್ತದೆ. ಅದರ ಎರಡು ತುದಿಗಳ ನಡುವೆ 1.56 ವೋಲ್ಟು ಕಂಡರೆ ಪ್ರವಾಹ 100 ಮಿಲಿಆಂಪಿಯರು, ವಾಲ್ವಿಗೆ 50. ಹಾಕಿದವರ ಜಾಣತನ ಮೆಚ್ಚತಕ್ಕದ್ದು, ಲೆಕ್ಕವೇ ಬೇಡ. ಆದರೆ ಆ ರೋಧಕವೇ ವಯಸ್ಸಿನಿಂದ ಬದಲಾಗಿದ್ದರೆ ಮೀಟರು ಹೇಳುವುದೆಲ್ಲ ಸುಳ್ಳು, ಮೊದಲು ಅದನ್ನು ಅಳೆಯಬೇಕು. ಜೋಡಿಯಲ್ಲಿ ಒಂದು 70, ಇನ್ನೊಂದು 30 ಸೆಳೆದರೂ ಮೀಟರು 1.56 ಎಂದೇ ತೋರಿಸುತ್ತದೆಯಾದ್ದರಿಂದ ಸಮಗುಣದ ಜೋಡಿಯನ್ನೇ ಕೊಳ್ಳಬೇಕು. 50 ಮಿಲಿಆಂಪಿಯರಿನಲ್ಲಿ ಫಲಕಕ್ಕೆ ಬೀಳುವುದು ಸುಮಾರು 21 ವ್ಯಾಟು, ಅದರ ಮಿತಿ 25. ಮನೆಯಲ್ಲಿ ಕೇಳುವ ಮಟ್ಟಕ್ಕೆ 1.4 ವೋಲ್ಟಿನಲ್ಲಿ ನಿಲ್ಲಿಸಿದರೂ ಸಾಕೆಂದು ನಮಗೆ ತೋರುತ್ತದೆ. ಅರ್ಧ ಗಂಟೆ ಕಾದ ಮೇಲೆ ಮತ್ತೊಮ್ಮೆ, ವಾರ ಕಳೆದ ಮೇಲೆ ಇನ್ನೊಮ್ಮೆ ನೋಡಬೇಕು.

ತಂತುಗಳಿಗೆಂದೇ ಇದು 53 ವ್ಯಾಟು ತಿನ್ನುತ್ತದೆ. ಮುಚ್ಚಿದ ಕಪಾಟಿನಲ್ಲಿಡದೆ, ಮೇಲೆ ಒಂದಡಿ ತೆರಪು ಬಿಟ್ಟು, ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು. ಮೇಲುಹೊದಿಕೆಯ ಲೋಹದ ಜಾಲರಿ ಕಳೆದುಹೋಗಿದ್ದರೆ ಒಂದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.