ಹೊಸ ಬಣ್ಣಕ್ಕೆ ಮುನ್ನ ಹಳೆಯ ಮೇಣ ತೆಗೆಯಿರಿ

ಟ್ರ್ಯಾಕ್ಟರು, ಪವರ್ ಟಿಲ್ಲರು, ಜೀಪು, ಕಾರು ಮುಂತಾದವುಗಳ ತಗಡನ್ನು ತುಕ್ಕಿನಿಂದ ಕಾಯುವ ಹೊದಿಕೆಯೇ ಬಣ್ಣ. ಸಾವಿರಾರು ರೂಪಾಯಿ ಖರ್ಚು ಮಾಡಿ ಹೊಡೆಸಿದ ಬಣ್ಣ ಒಂದು ಮಳೆಗಾಲ ಕಳೆಯುವುದರೊಳಗೆ ಈರುಳ್ಳಿ ಸಿಪ್ಪೆಯಂತೆ ಏಳುವುದನ್ನು ಅನೇಕ ರೈತರು ಕಂಡಿರಬಹುದು. ಆಗ ಬಣ್ಣವೇ ಕಳಪೆಯೆಂದು ಅಂಗಡಿಯವರನ್ನು ದೂರುವುದುಂಟು. ಆದರೆ ಬಹಳ ವೇಳೆ ಇದಕ್ಕೆ ಕಾರಣ, ಹಳೆಯ ಬಣ್ಣದ ಮೇಲೆ ಉಳಿದುಹೋದ ಮೇಣ ಮತ್ತು ಜಿಡ್ಡು.

ಅರಸೀಕೆರೆ ತಾಲ್ಲೂಕಿನ ಮಾಲೇಕಲ್ಲು ತಿರುಪತಿಯ ಸುತ್ತಲಿನಂಥ ತೆಂಗಿನ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಕೂಡಬಹುದು. ಆಯುಧಪೂಜೆಗೆ ಗಾಡಿ ಹೊಳೆಯಲೆಂದು ಮನೆಯ ಕೊಬ್ಬರಿ ಎಣ್ಣೆಯಿಂದಲೇ ಒರೆಸುವವರಿದ್ದಾರೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ. ಆದುದರಿಂದಲೇ ಅದನ್ನು ಬಣ್ಣದ ತಯಾರಿಕೆಯಲ್ಲಿ ಬಳಸುತ್ತಾರೆ. ಕೊಬ್ಬರಿ ಎಣ್ಣೆ ಎಷ್ಟು ಕಾಲ ಬಿಟ್ಟರೂ ಹಾಗೆ ಒಣಗುವುದಿಲ್ಲ. ಅದರ ಮೇಲೆ ಹೊಡೆದ ಎನಾಮಲ್ ಬಣ್ಣ ಸರಿಯಾಗಿ ಒಣಗದು, ಹಿಡಿಯದು. ಹೊಳಪಿಗೆ ಒರೆಸಬೇಕೆಂದಿದ್ದರೆ ಒದ್ದೆ ಬಟ್ಟೆಯೇ ಸಾಕು.

ಜಿಡ್ಡಿನಲ್ಲಿ ಎರಡು ಜಾತಿ

ಕೊಬ್ಬರಿ ಎಣ್ಣೆ, ಹರಳೆಣ್ಣೆ ಮುಂತಾದ ಗಿಡದ ಎಣ್ಣೆಗಳು ಕ್ಷಾರದೊಡನೆ ಸೇರಿ ಸಾಬೂನಾಗುತ್ತವೆ. ಆದುದರಿಂದ ಬಟ್ಟೆ ಒಗೆಯುವ ಸೋಡಾ ಬೆರೆಸಿದ ಬಿಸಿನೀರು ಇವನ್ನು ಬಹುಮಟ್ಟಿಗೆ ತೊಳೆದುಹಾಕುತ್ತದೆ. ಇಂಜಿನ್ ಆಯಿಲ್, ಡೀಸೆಲ್, ಪ್ಯಾರಾಫಿನ್ ಮೇಣ ಇವು ಭೂಮಿಯಿಂದ ತೆಗೆದ ಎಣ್ಣೆಯ ಜಾತಿ. ಗ್ರೀಸಿನಲ್ಲಿಯೂ ಹೆಚ್ಚಿನ ಪಾಲು ಇದೇ ಎಣ್ಣೆ. ಇವು ಸಾಬೂನಾಗುವುದಿಲ್ಲ, ಎಷ್ಟು ಸೋಡಾ ಹಾಕಿದರೂ ಒಂದು ತೆಳು ಪೊರೆ ಉಳಿದೇ ಉಳಿಯುತ್ತದೆ. ಇದನ್ನು ಟರ್ಪಂಟೈನಿನಂಥ ದ್ರವದಲ್ಲಿ ಕರಗಿಸಿಯೇ ತೆಗೆಯಬೇಕು.

ಕಾರಿನ ಪಾಲಿಷುಗಳಲ್ಲಿ ಬಳಸುವ ಕಾರ್ನೂಬಾ ಮೇಣ ಬ್ರೆಜಿಲ್ ದೇಶದ ಒಂದು ತಾಳೆಯ ಜಾತಿಯ ಮರದ ಎಲೆಗಳಿಂದ ಬರುತ್ತದೆ. ನಮ್ಮ ಜೇನುಮೇಣ ಸುಮಾರು 62 ರಿಂದ 64 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೆ, ಇದು ಕರಗಲು 80 ಡಿಗ್ರಿಗೂ ಮೇಲಿನ ಕಾವು ಬೇಕು. ಬಿಸಿನೀರು ಎರಚಿದ ಮಾತ್ರಕ್ಕೆ ಇದು ಹೋಗುವುದಿಲ್ಲ.

ತೆಗೆಯುವ ಕ್ರಮ

ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಇಂಜಿನ್ ಆರಿದ ಮೇಲೆ ಮಣ್ಣು, ಸಗಣಿ, ಔಷಧಿಯ ಕಲೆ ಎಲ್ಲವನ್ನೂ ನೀರಿನಿಂದ ತೊಳೆಯಬೇಕು. ಗಾಳಿ ಸೋಸುವ ಡಬ್ಬಿಯ ಬಾಯಿ, ಬ್ಯಾಟರಿ, ಡೈನಮೊಗಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿರಿ. ದಪ್ಪಗೆ ಕಟ್ಟಿದ ಗ್ರೀಸನ್ನು ಬಿದಿರಿನ ಚಕ್ಕೆಯಿಂದ ಕೆರೆಯಬಹುದು. ಬಳಿಕ ಒಂದು ಲೀಟರ್ ಬಿಸಿನೀರಿಗೆ ಸುಮಾರು 20 ಗ್ರಾಂ ಬಟ್ಟೆ ಸೋಡಾ ಕರಗಿಸಿ, ಕೈಗೆ ರಬ್ಬರ್ ಚೀಲ ಹಾಕಿಕೊಂಡು ಬ್ರಷ್ಷಿನಿಂದ ಉಜ್ಜಿ, ಕೂಡಲೇ ಧಾರಾಳ ನೀರಿನಲ್ಲಿ ತೊಳೆಯತಕ್ಕದ್ದು. ಸೋಡಾ ನೀರನ್ನು ಬಹಳ ಹೊತ್ತು ಬಿಟ್ಟರೆ ಹಳೆಯ ಎನಾಮಲ್ಲೂ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ಭಾಗಗಳಿಗಂತೂ ಇದನ್ನು ಸೋಕಿಸಲೇಬಾರದು.

ಪೂರ್ತಿ ಒಣಗಿದ ಮೇಲೆ ಮುಖ್ಯವಾದ ಕೆಲಸ. ಎರಡು ಬಿಳಿ ಹತ್ತಿಯ ಬಟ್ಟೆ ತೆಗೆದುಕೊಳ್ಳಿ. ಒಂದನ್ನು ಟರ್ಪಂಟೈನಿನಲ್ಲಿ ಅದ್ದಿ ಒಂದು ಅಡಿ ಉದ್ದಗಲದ ಜಾಗವನ್ನು ಒರೆಸಿ. ಅದು ಆರುವುದರೊಳಗೆ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ. ಗ್ಯಾರೇಜುಗಳಲ್ಲಿಯೂ ತಪ್ಪುವುದು ಇಲ್ಲಿಯೇ. ಟರ್ಪಂಟೈನ್ ಮೇಣವನ್ನು ಕರಗಿಸುತ್ತದೆಯೇ ಹೊರತು ನಾಶ ಮಾಡುವುದಿಲ್ಲ. ತಾನಾಗಿ ಆರಲು ಬಿಟ್ಟರೆ ದ್ರವ ಹಾರಿಹೋಗಿ, ಕರಗಿದ್ದ ಮೇಣ ಮತ್ತೆ ಅಲ್ಲಿಯೇ ಕೂರುತ್ತದೆ. ಒಂದೇ ಬಟ್ಟೆಯಲ್ಲಿ ಇಡೀ ಬಾನೆಟ್ಟನ್ನು ಒರೆಸಿದರೂ ಅಷ್ಟೆ, ಮೇಣ ಜಾಗ ಬದಲಾಯಿಸುತ್ತದೆ. ಬಟ್ಟೆಯ ಮಗ್ಗುಲನ್ನು ಮೇಲಿಂದ ಮೇಲೆ ಬದಲಿಸಬೇಕು. ಕೊಳೆಯಾದುದನ್ನು ಬಿಟ್ಟು ಹೊಸದನ್ನು ಹಿಡಿಯಬೇಕು.

ಸೀಮೆಎಣ್ಣೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಅದು ಗ್ರೀಸನ್ನು ಬಿಡಿಸುವುದು ನಿಜ. ಆದರೆ ತಾನೇ ಒಂದು ಎಣ್ಣೆಯ ಪೊರೆ ಬಿಡುತ್ತದೆ. ಬಳಸಿದರೆ ಅನಂತರ ಸೋಡಾ ನೀರು, ಟರ್ಪಂಟೈನ್ ಎರಡೂ ಬೇಕು. ಪೆಟ್ರೋಲನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿ ತಗಲಿದರೆ ಅದರ ಆವಿ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಭಾರವಾದ ಈ ಆವಿ ನೆಲದ ಮೇಲೆಯೇ ಹರಿದು ದೂರದ ಒಲೆಯನ್ನು ತಲಪುತ್ತದೆ. ಟರ್ಪಂಟೈನಿನ ಬಳಿಯೂ ಬೀಡಿ ಹಚ್ಚುವುದು ಸಲ್ಲದು.

ಉಜ್ಜುವುದು ಆಮೇಲೆ

ಮೇಣ ತೆಗೆಯುವ ಮೊದಲೇ ಉಜ್ಜು ಕಾಗದ ಹಿಡಿಯುವುದು ದೊಡ್ಡ ತಪ್ಪು. ಉಜ್ಜಿದಾಗ ಏಳುವ ಸಣ್ಣ ಗೀರುಗಳೊಳಕ್ಕೆ ಮೇಣ ತುಂಬಿಕೊಳ್ಳುತ್ತದೆ. ಅಲ್ಲಿಂದ ಅದನ್ನು ತೆಗೆಯುವುದು ಕಷ್ಟ. ಮೊದಲು ನೀರಿನಿಂದ ಪರೀಕ್ಷಿಸಿ. ತಗಡಿನ ಮೇಲೆ ನೀರು ಚಿಮುಕಿಸಿದಾಗ ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಮೇಣವಿದೆ ಎಂದೇ ಅರ್ಥ, ಮತ್ತೊಮ್ಮೆ ಒರೆಸಬೇಕು. ಒಂದೇ ಪೊರೆಯಾಗಿ ಹರಡಿದರೆ 320ನೇ ನಂಬರಿನ ನೀರು ಕಾಗದದಿಂದ ಒದ್ದೆಯಾಗಿಯೇ ಉಜ್ಜಬಹುದು. ಕಬ್ಬಿಣ ಕಂಡ ಕಡೆ ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಬೇಕು.

ಸಿಲಿಕೋನ್ ಬೆರೆತ ಪಾಲಿಷ್ ಹಾಕಿದ್ದ ಗಾಡಿಗಳಲ್ಲಿ ನೀರಿನ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ಮೂಲೆಯಲ್ಲಿ ಅಂಗೈಯಗಲ ಬಣ್ಣ ಹೊಡೆದು ನೋಡಿ. ಮೀನಿನ ಕಣ್ಣಿನಂತೆ ಗುಳಿಗಳು ಬಿದ್ದರೆ, ಹಸಿಯಾಗಿರುವಾಗಲೇ ಅದನ್ನು ಒರೆಸಿಹಾಕಿ ಮತ್ತೆ ಮೊದಲಿನಿಂದ ಶುಚಿ ಮಾಡಬೇಕು. ಮೇಲೆ ದಪ್ಪಗೆ ಬಣ್ಣ ಬಳಿದು ಗುಳಿ ಮುಚ್ಚುವ ಪ್ರಯತ್ನ ಫಲಿಸದು.

ಮಾಲೇಕಲ್ಲಿನ ತೇರು ಆಷಾಢದಲ್ಲಿ. ಜಾತ್ರೆಗೆ ಗಾಡಿ ಹೊಸದಾಗಿರಲೆಂದು ಹಿಂದಿನ ವಾರ ಬಣ್ಣಕ್ಕೆ ಕೈಹಾಕಿದರೆ ತೇವದ ಗಾಳಿ, ಸೋನೆ ಮಳೆ ಎರಡೂ ಅಡ್ಡ ಬರುತ್ತವೆ. ಒರೆಸಿದ ತಗಡಿನ ಮೇಲೆ ಕಾಣದ ಪಸೆ ಕೂತು ಬಣ್ಣ ಹಿಡಿಯದು. ಬೇಸಿಗೆಯಲ್ಲಿಯೇ ಬೆಳಗಿನ ಹೊತ್ತು, ಇಬ್ಬನಿ ಆರಿದ ಮೇಲೆ ಮಾಡಿ ಮುಗಿಸುವುದು ಮೇಲು.

ದನಗಳ ಬಗ್ಗೆ ಎಚ್ಚರ

ಹಳೆಯ ಬಣ್ಣಗಳಲ್ಲಿ, ಹೆಚ್ಚಾಗಿ ಹಳದಿ ಮತ್ತು ಕೆಂಪಿನಲ್ಲಿ, ಸೀಸ ಇರುವ ಸಂಭವವುಂಟು. ಭಾರತದಲ್ಲಿ ಮನೆ ಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದ ನಿಯಮ 2017ರ ನವೆಂಬರಿನಿಂದಷ್ಟೇ ಜಾರಿಗೆ ಬಂದಿತು. ದನಗಳಿಗೆ, ಅದರಲ್ಲೂ ಕರುಗಳಿಗೆ, ಬಣ್ಣದ ಚಕ್ಕೆಯನ್ನೂ ಗ್ರೀಸನ್ನೂ ನೆಕ್ಕುವ ಚಟವಿರುತ್ತದೆ. ಸೀಸ ಹೊಟ್ಟೆಗೆ ಸೇರಿದರೆ ಕಣ್ಣು ಕಾಣದಂತಾಗಿ, ಹಲ್ಲು ಕಡಿದು, ಸೆಟೆದು ಸಾಯಬಹುದು. ಆದುದರಿಂದ ಈ ಕೆಲಸವನ್ನು ಕೊಟ್ಟಿಗೆಯ ಹತ್ತಿರ ಮಾಡಬಾರದು. ಕೆಳಗೆ ಹಳೆಯ ತಾಡಪಾಲು ಹಾಸಿ, ಉದುರಿದುದನ್ನೆಲ್ಲ ಒಟ್ಟುಗೂಡಿಸಿ, ದನವೂ ಮಕ್ಕಳೂ ಮುಟ್ಟದಂತೆ ಮುಚ್ಚಳದ ಡಬ್ಬಿಯಲ್ಲಿ ಕಟ್ಟಿಡಿ. ತೊಳೆದ ನೀರು ಬಾವಿ, ಕಟ್ಟೆಗಳ ಕಡೆ ಹರಿಯಬಾರದು.

ಜಿಡ್ಡಿನ ಬಟ್ಟೆಗಳನ್ನು ಮುದ್ದೆ ಮಾಡಿ ಹುಲ್ಲಿನ ಬಣವೆ, ಕೊಬ್ಬರಿ ಅಟ್ಟಗಳ ಬಳಿ ಎಸೆಯುವುದು ಅಪಾಯ. ಬಯಲಿನಲ್ಲಿ ಹರವಿ ಆರಿಸಬೇಕು. ಉಳಿದ ಟರ್ಪಂಟೈನನ್ನು ಸೀಸೆಯಲ್ಲಿ ನಿಲ್ಲಿಸಿದರೆ ಕೊಳೆ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದು ಮುಂದಿನ ಸಲದ ಮೊದಲ ಒರೆತಕ್ಕೆ ಇಟ್ಟುಕೊಳ್ಳಬಹುದು. ಕೊನೆಯ ಒರೆತಕ್ಕೆ ಹೊಸದನ್ನೇ ಬಳಸಿ.