ಫಾರ್ಮ್ಯಾಟ್ ಹೊಡೆಸುವ ಮುಂಚೆ

ಫಾರ್ಮ್ಯಾಟ್ ಹೊಡೆಸಿಬಿಡಲಾ ದೊಡ್ಡಪ್ಪ ಅಂತ ಕೇಳಿದ್ದೀಯ. ಬೇಡಮ್ಮ, ಈಗಲೇ ಬೇಡ. ಅಂಗಡಿ ತುಂಬ ಜನ ನಿಂತಿರುವಾಗ, ಪಹಣಿ ಪ್ರಿಂಟ್ ಕೊಡುವ ಹೊತ್ತಿಗೇ ಸಿಸ್ಟಮ್ ಹ್ಯಾಂಗ್ ಆಗಿ ಕೂತರೆ ಎಂಥವರಿಗೂ ತಲೆ ಕೆಡುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ಕಡೆ ರಿಪೇರಿಯವರ ಬಾಯಲ್ಲಿ ಮೊದಲು ಬರುವ ಮದ್ದು ಫಾರ್ಮ್ಯಾಟ್, ಕೊನೆಗೆ ಬರುವುದೂ ಅದೇ. ಅವರನ್ನು ಬೈಯುತ್ತಿಲ್ಲ. ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ಕೈಗೆ ಕಾಸು ಬರುತ್ತದೆ, ಸ್ವಲ್ಪ ದಿನ ಸಿಸ್ಟಮ್ ಸಲೀಸಾಗಿಯೂ ಓಡುತ್ತದೆ. ಆಮೇಲೆ ಮತ್ತೆ ಅದೇ ರಾಗ. ಯಾಕೆಂದರೆ ತಪ್ಪು ವಿಂಡೋಸ್‌ನದೇ ಆಗಿರಬೇಕೆಂದಿಲ್ಲ. ಡಿಸ್ಕು, ರ‍್ಯಾಮು, ಎಸ್‌ಎಂಪಿಎಸ್ಸು, ಸಡಿಲವಾದ ಒಂದು ಕೇಬಲ್ಲು, ಇವು ಯಾವುದಕ್ಕೂ ಫಾರ್ಮ್ಯಾಟ್ ನಾಟುವುದಿಲ್ಲ. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟ ಹಾಗೆ; ಅದೂ ಇಲಿ ಪಕ್ಕದ ಮನೆಯಲ್ಲಿದ್ದರೆ ಏನು ಹೇಳೋಣ?

ಮೊದಲು ಮಾಡಬೇಕಾದ್ದು ರಿಪೇರಿಯಲ್ಲ, ನಕಲು. ನುಡಿಯಲ್ಲಿ ಕಂಪೋಸ್ ಮಾಡಿದ ಲಗ್ನಪತ್ರಿಕೆಗಳು, ಕೋರಲ್‌ಡ್ರಾ ಫೈಲುಗಳು, ಲೆಕ್ಕಪತ್ರ, ನೀನು ಹುಡುಕಿ ಹುಡುಕಿ ಸೇರಿಸಿದ ಕನ್ನಡ ಫಾಂಟುಗಳು, ಎಲ್ಲವನ್ನೂ ಬೇರೆ ಡಿಸ್ಕಿಗೆ ಹಾಕಿಕೋ. ಡೆಸ್ಕ್‌ಟಾಪ್ ಮೇಲೆ ಬಿದ್ದಿರುವುದನ್ನು ಮರೆಯಬೇಡ. ಎಲ್ಲರೂ ಮರೆಯುವುದು ಅದನ್ನೇ. ನಕಲು ಮಾಡುವಾಗ ಒಂದು ಫೈಲಿನ ಹತ್ತಿರ ಬಂದಾಗಲೆಲ್ಲ ನಿಂತುಬಿಟ್ಟರೆ ನಿನಗೆ ಅರ್ಧ ಉತ್ತರ ಸಿಕ್ಕಿತು ಅಂತ ತಿಳಿ, ಡಿಸ್ಕಿನ ಮೇಲೆ ಅನುಮಾನ ಇಡು. ಆ ಫೈಲನ್ನು ಬಿಟ್ಟು ಮುಂದಿನದನ್ನು ಎತ್ತಿಕೋ. ನಕಲು ಮುಗಿಯುವವರೆಗೆ ಚೆಕ್‌ಡಿಸ್ಕ್ ಹಾಕಲು ಹೋಗಬೇಡ. ಸಾಯುತ್ತಿರುವ ಡಿಸ್ಕನ್ನು ಮೂಲೆಮೂಲೆ ಓದಿಸಿದರೆ ಉಳಿದ ಜೀವವೂ ಅಲ್ಲೇ ಹೋಗಬಹುದು.

ಇನ್ನು ಹ್ಯಾಂಗ್ ಆದಾಗ ಪವರ್ ಬಟನ್ ಅದುಮುವ ಮುಂಚೆ ಒಂದು ನಿಮಿಷ ತಾಳು. ಕೀಬೋರ್ಡಿನಲ್ಲಿ ನಮ್‌ಲಾಕ್ ಕೀ ಒತ್ತಿ ಅದರ ದೀಪ ನೋಡು. ದೀಪ ಹತ್ತಿ ಆರುತ್ತಿದ್ದರೆ ಒಳಗೆ ವಿಂಡೋಸ್ ಬದುಕಿದೆ, ಯಾವುದಕ್ಕೋ ಕಾಯುತ್ತ ಕೂತಿದೆ. ಬಹಳ ಸಲ ಡಿಸ್ಕಿಗೆ, ಕೆಲವು ಸಲ ಹಟಮಾರಿ ಪ್ರೋಗ್ರಾಂ ಒಂದಕ್ಕೆ. ಆಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ಬರುತ್ತದಾ ನೋಡು. ಪರದೆ ಮಾತ್ರ ಹೆಪ್ಪುಗಟ್ಟಿದಂತಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರರ ಜೊತೆ ಬಿ ಒತ್ತು. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಪರದೆ ಒಮ್ಮೆ ಕಪ್ಪಾಗಿ ಸರಿಹೋದರೆ ಕಳ್ಳ ಆ ಡ್ರೈವರ್ರೇ ಇರಬಹುದು. ಆದರೆ ದೀಪವೇ ಅಲುಗದೆ, ಹಾಡು ಹಾಕಿದ್ದರೆ ಒಂದೇ ಸದ್ದು ಟರ್ರೆಂದು ಎಳೆಯುತ್ತ ನಿಂತಿದ್ದರೆ, ಅದು ಇಡೀ ಯಂತ್ರವೇ ನಿಂತ ಲಕ್ಷಣ. ಅಲ್ಲಿ ರ‍್ಯಾಮ್, ಎಸ್‌ಎಂಪಿಎಸ್, ಮದರ್‌ಬೋರ್ಡ್, ಇಲ್ಲವೇ ತೀರಾ ಕೆಟ್ಟ ಡ್ರೈವರ್ ಕಡೆ ನೋಡಬೇಕು.

ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡು. ಎಷ್ಟು ಗಂಟೆಗೆ ನಿಂತಿತು, ಏನು ತೆರೆದಿತ್ತು, ದೀಪ ಹತ್ತಿತಾ, ಕರೆಂಟ್ ಹೋಗಿ ಬಂದಿತ್ತಾ, ಪ್ರಿಂಟರ್ ಓಡುತ್ತಿತ್ತಾ ಅಂತ ಗೀಚಿಡು. ಪ್ರಿಂಟರ್ ವಿಷಯ ಸುಮ್ಮನೆ ಹೇಳಲಿಲ್ಲ. ಜೆರಾಕ್ಸ್ ಅಂಗಡಿಗಳಲ್ಲಿ ನಾನು ಮೇಲಿಂದ ಮೇಲೆ ಕಂಡ ಎಡವಟ್ಟು ಇದು: ಲೇಸರ್ ಪ್ರಿಂಟರ್ ಮತ್ತು ಕಂಪ್ಯೂಟರ್ ಎರಡನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿರುತ್ತಾರೆ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಲೇಸರ್ ಪ್ರಿಂಟರ್ ಕಾಗದದ ಮೇಲೆ ಪುಡಿ ಬೇಯಿಸಲು ಒಳಗೆ ಒಂದು ರೋಲರ್ ಕಾಯಿಸುತ್ತದೆ. ಅದು ಕಾಯುವ ಕ್ಷಣದಲ್ಲಿ ಎಳೆಯುವ ಕರೆಂಟು ಯುಪಿಎಸ್‌ನ ಶಕ್ತಿಯನ್ನೇ ಮೀರಬಹುದು. ಕಂಪ್ಯೂಟರಿಗೆ ಆ ಕ್ಷಣ ಉಸಿರು ಕಟ್ಟುತ್ತದೆ. ‘ಪ್ರಿಂಟ್ ಕೊಟ್ಟಾಗಲೇ ಹ್ಯಾಂಗ್’ ಎಂದವರು ಪ್ರಿಂಟರ್ ಡ್ರೈವರನ್ನು ತೆಗೆದು ಹಾಕಿ, ಹಾಕಿ ತೆಗೆದು ಸುಸ್ತಾಗಿರುತ್ತಾರೆ. ಪ್ರಿಂಟರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಅರ್ಥಿಂಗ್ ಇಲ್ಲ ಅಂತ ಅರ್ಥ. ಅದಕ್ಕೆ ಕಂಪ್ಯೂಟರಿನವನಲ್ಲ, ಎಲೆಕ್ಟ್ರಿಷಿಯನ್ ಬರಬೇಕು.

ಡಿಸ್ಕ್ ಪರೀಕ್ಷೆ ಕಷ್ಟವೇನಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ. ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಇದು ಅದನ್ನು ಓದಿ ತೋರಿಸುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಆದರೆ 05, ಸಿ5, ಸಿ6 ಎಂಬ ಸಾಲುಗಳನ್ನು ನೋಡು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಬಂದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕಿಗೆ ಕಾಲ ಬಂತು. ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಬೈಯಬೇಡ, ಸಾಟಾ ಕೇಬಲ್ ಬದಲಿಸು. ಪುಡಿಗಾಸಿನ ಕೇಬಲ್ ಕೆಟ್ಟಿದ್ದಕ್ಕೆ ಹೊಸ ಡಿಸ್ಕ್ ಕೊಂಡವರು ಎಷ್ಟೋ ಜನ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಟೈಪಿಸಿದರೆ ದಿನವಾರು ಚರಿತ್ರೆ ಬರುತ್ತದೆ. ಯಾವ ದಿನದಿಂದ ಕೆಂಪು ಗುರುತು ಶುರು, ಅದರ ಹಿಂದಿನ ದಿನ ಏನು ಹಾಕಿದೆ ಎಂಬುದು ಅಲ್ಲೇ ಕಾಣುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಎಂಬ ಸಾಲು ಕಂಡು ಜನ ಗಾಬರಿಯಾಗುತ್ತಾರೆ. ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದು ಹೇಳುವುದು. ಪವರ್ ಬಟನ್ ಅದುಮಿದ್ದು ನೀನೇ ತಾನೆ! ಅದಕ್ಕಿಂತ ಮುಂಚಿನ ಸಾಲುಗಳಲ್ಲಿ ಡಿಸ್ಕ್ ಎಂಬ ಹೆಸರಿನ ಎದುರು 7 ಅಥವಾ 153 ಇದೆಯಾ ನೋಡು. ಇದ್ದರೆ ಅದು ಕೆಲಸಕ್ಕೆ ಬರುವ ಸಾಕ್ಷಿ.

ಬಿಸಿಯ ಮೇಲೆ ಎಲ್ಲರೂ ಗೂಬೆ ಕೂರಿಸುತ್ತಾರೆ. ಧೂಳು ತೆಗೆಯುವುದು ಒಳ್ಳೆಯದೇ, ಬ್ಲೋವರ್ ಹಿಡಿದಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ತಡೆದಿರು. ಆದರೆ ಈಗಿನ ಪ್ರಾಸೆಸರ್ ಕಾದರೆ ಮೊದಲು ನಿಧಾನವಾಗುತ್ತದೆ, ಮಿತಿ ಮೀರಿದರೆ ಸಿಸ್ಟಮ್ ಆಫ್ ಆಗುತ್ತದೆ. ಸುಮ್ಮನೆ ನಿಂತುಬಿಡುವುದು ಕಡಿಮೆ. ನನ್ನ ಅನುಮಾನ ಅದಕ್ಕಿಂತ ರ‍್ಯಾಮ್ ಮೇಲೆ ಹೆಚ್ಚು. ವೈರ್ ಕಿತ್ತು, ರ‍್ಯಾಮ್ ತೆಗೆದು, ಅದರ ಹೊಂಬಣ್ಣದ ಪಟ್ಟಿಗಳನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಟಕ್ಕೆನ್ನುವ ಹಾಗೆ ಕೂರಿಸು. ಎರಡಿದ್ದರೆ ಒಂದೊಂದನ್ನೇ ಹಾಕಿ ಒಂದೊಂದು ದಿನ ಓಡಿಸು. ರಾತ್ರಿ ಅಂಗಡಿ ಮುಚ್ಚುವಾಗ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಹಾಕಿ ಹೋಗು. ಬೆಳಗ್ಗೆ ಒಂದೇ ಒಂದು ಎರರ್ ಇದ್ದರೂ ಅದು ಹೆಚ್ಚೇ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಮೇಲೆ ಉಳಿದಿರಬಹುದು. ಅನುಮಾನ ಬಂದರೆ ಯಾರದಾದರೂ ಸರಿ ಇರುವುದನ್ನು ಎರವಲು ತಂದು ಸಿಕ್ಕಿಸಿ ನೋಡು.

ಒಂದು ಸಲಕ್ಕೆ ಒಂದನ್ನೇ ಬದಲಿಸು. ಕೇಬಲ್ಲನ್ನೂ ಬದಲಿಸಿ, ರ‍್ಯಾಮನ್ನೂ ಉಜ್ಜಿ, ಡ್ರೈವರನ್ನೂ ಹೊಸದು ಹಾಕಿದರೆ ಸರಿಹೋದದ್ದು ಯಾವುದರಿಂದ ಅಂತ ಹೇಳುವುದು ಹೇಗೆ?

ಇಷ್ಟಾದರೂ ಗೊತ್ತಾಗದಿದ್ದರೆ ನನ್ನ ಮೆಚ್ಚಿನ ಪರೀಕ್ಷೆ ಒಂದಿದೆ. ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ, ಡಿಸ್ಕಿನ ಕೇಬಲ್ ಕಿತ್ತು, ಇನ್‌ಸ್ಟಾಲ್ ಮಾಡದೆ ಹಾಗೇ ಅದರಲ್ಲಿ ಒಂದು ದಿನ ಕೆಲಸ ಮಾಡು. ಅಲ್ಲೂ ನಿಂತರೆ ವಿಂಡೋಸ್ ನಿರಪರಾಧಿ, ದೋಷ ಯಂತ್ರದ್ದು. ಇಡೀ ದಿನ ಓಡಿತೋ, ಡಿಸ್ಕು ಇಲ್ಲವೇ ವಿಂಡೋಸು, ಎರಡರಲ್ಲಿ ಒಂದು. ಡಿಸ್ಕಿನ ಅಂಕಿಗಳು ಸರಿಯಿದ್ದರೆ ಆಗ ವಿಂಡೋಸ್ ಕಡೆ ತಿರುಗು: ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆ, ಗ್ರಾಫಿಕ್ಸ್ ಡ್ರೈವರ್ ತಯಾರಕರ ಜಾಲತಾಣದಿಂದ ತಂದು ಹಾಕು, ಸೇಫ್ ಮೋಡ್‌ನಲ್ಲಿ ಓಡಿಸಿ ನೋಡು.

ತೀರಾ ಅಪರೂಪಕ್ಕೆ ಪ್ರಾಸೆಸರೇ ತಪ್ಪಿತಸ್ಥ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರಾಸೆಸರುಗಳು ಹೆಚ್ಚಿನ ವೋಲ್ಟೇಜಿನಿಂದ ಹಾಳಾಗುತ್ತಿದ್ದುದನ್ನು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಬಯೋಸ್ ಅಪ್‌ಡೇಟ್ ಮೂಲಕ ಪರಿಹಾರ ಕೊಟ್ಟು, ವಾರಂಟಿ ಎರಡು ವರ್ಷ ಹೆಚ್ಚಿಸಿತು. ನಿನ್ನದು ಅದಕ್ಕಿಂತ ಹಳೆಯದು, ಆ ಚಿಂತೆ ಬೇಡ.

ಕೊನೆಗೆ ಫಾರ್ಮ್ಯಾಟೇ ಗತಿಯಾದರೆ ಯಾವ ವಿಂಡೋಸ್ ಹಾಕುತ್ತೀರಿ ಅಂತ ಬಾಯಿ ಬಿಟ್ಟು ಕೇಳು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಲ್ಲಿಂದಲೋ ಇಳಿಸಿಕೊಂಡ ಆ್ಯಕ್ಟಿವೇಟರ್ ಹಾಕಿ ‘ಒರಿಜಿನಲ್ ಥರಾನೇ’ ಎಂದು ಕೊಡುವವರಿಗೆ ಬೇಡ ಅನ್ನು. ಅದರೊಳಗೆ ಏನು ಕೂತಿದೆಯೋ ಬಲ್ಲವರಿಲ್ಲ. ರಿಪೇರಿಗೆ ಕೊಡುವ ಮುಂಚೆ ರ‍್ಯಾಮ್ ಎಷ್ಟು ಜಿಬಿ, ಡಿಸ್ಕಿನ ಸೀರಿಯಲ್ ನಂಬರ್ ಏನು ಎಂಬುದರ ಫೋಟೋ ತೆಗೆದುಕೋ. ದೋಷ ಯಂತ್ರದ್ದು ಅಂತ ಗೊತ್ತಾದರೆ ಡಿಸ್ಕ್ ಬಿಚ್ಚಿ ನಿನ್ನ ಹತ್ತಿರವೇ ಇಟ್ಟುಕೊಂಡು ಡಬ್ಬ ಮಾತ್ರ ಕಳಿಸು. ಆ ಡಿಸ್ಕಿನಲ್ಲಿ ಅರ್ಧ ಊರಿನ ಆಧಾರ್ ಕಾರ್ಡ್, ಪಾಸ್‌ಬುಕ್ ಸ್ಕ್ಯಾನ್‌ಗಳಿವೆ. ಬಿಡುವಾದಾಗ ಕೂತು ಅವುಗಳನ್ನೂ ಅಳಿಸು. ಪ್ರಿಂಟ್ ಕೊಟ್ಟ ಮೇಲೆ ಅವು ನಿನ್ನ ಡಿಸ್ಕಿನಲ್ಲಿ ಇರಬೇಕಾಗಿಲ್ಲ.