ಒಳ್ಳೆಯ ಡಿಸ್ಕನ್ನೇ ಎಳೆದ ರಾತ್ರಿ

ಹೊನ್ನಾವರ ದಾಟಿ ಕುಮಟಾ ಕಡೆಗೆ ಹೊರಟರೆ ಹೆದ್ದಾರಿಯ ಮೇಲೇ ಸಿಗುವ ಊರು ನಮ್ಮ ಹಳದೀಪುರ. ಮಳೆಗಾಲದಲ್ಲಿ ಇಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಪುಸ್ತಕದ ಬೆನ್ನಿಗೆ ಬೂಸಲು ಹಿಡಿಯುತ್ತದೆ, ಕಿಟಕಿಯ ಚಿಲಕ ತುಕ್ಕಾಗುತ್ತದೆ. ಇಂಥ ಮನೆಯಲ್ಲಿ 2014ರಿಂದ ಎರಡು ಡಿಸ್ಕಿನ ಒಂದು ನಾಸ್, ಅಂದರೆ ಮನೆಯ ನೆಟ್‌ವರ್ಕಿಗೆ ಸೇರಿಸಿ ಫೈಲು ಕೂಡಿಡುವ ಪೆಟ್ಟಿಗೆ, ಇಟ್ಟುಕೊಂಡಿದ್ದೇನೆ. ಮನೆಯವರ ಫೋಟೊ, ಪಹಣಿ ಕಾಗದಗಳ ಸ್ಕ್ಯಾನು, ಎಲ್ಲಕ್ಕಿಂತ ಮುಖ್ಯವಾಗಿ ಅಪ್ಪಯ್ಯ ಬಿಟ್ಟುಹೋದ ಅರವತ್ತೆರಡು ಕ್ಯಾಸೆಟ್‌ಗಳ ಧ್ವನಿ ಅದರಲ್ಲಿತ್ತು. ಅಪ್ಪಯ್ಯ ತಾಳಮದ್ದಳೆಯಲ್ಲಿ ಪಾತ್ರದ ಮಾತು ಆಡುವ ಹವ್ಯಾಸಿ ಅರ್ಥಧಾರಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಯಕ್ಷಗಾನ ಮೇಳ ಕಟ್ಟಿದ ಗುಣವಂತೆ ನಮ್ಮ ತಾಲೂಕಿನದೇ. ಬಯಲಾಟ ನಿಂತ ಮಳೆಗಾಲದಲ್ಲಿ ಈ ಸೀಮೆಯ ಮನೆಗಳ ಜಗಲಿಯಲ್ಲಿ ವೇಷ, ಕುಣಿತವಿಲ್ಲದ ತಾಳಮದ್ದಳೆ ನಡೆಯುತ್ತದೆ. ಬ್ಯಾಟರಿ ಹಾಕಿದ ಟೇಪ್‌ರೆಕಾರ್ಡರನ್ನು ಕೊಡೆಯಡಿ ಹಿಡಿದುಕೊಂಡು ಹೋಗಿ ಅಪ್ಪಯ್ಯ ಅವನ್ನೆಲ್ಲ ಮುದ್ರಿಸಿಕೊಂಡಿದ್ದ.

ನಾನು ಕಂಪ್ಯೂಟರ್ ಓದಿದವನಲ್ಲ. ಕೆಳಗೆ ಬರೆದಿರುವುದೆಲ್ಲ ತಪ್ಪು ಮಾಡಿ, ಕಳೆದುಕೊಂಡು ತಿಳಿದದ್ದು.

1. ಎರಡು ಡಿಸ್ಕ್ ಇದ್ದರೆ ಎರಡು ಪ್ರತಿ ಇದ್ದಂತಲ್ಲ

ಮಿರರ್ ಎಂದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ ಎಂದು ಓದಿ ನಾನು ನಿಶ್ಚಿಂತನಾದೆ. ಒಂದು ಭಾನುವಾರ ಫೋಲ್ಡರು ಜೋಡಿಸುತ್ತ ತಂಗಿಯ ಮಗನ ಉಪನಯನದ ಫೋಟೊಗಳನ್ನೆಲ್ಲ ಅಳಿಸಿಬಿಟ್ಟೆ. ಎರಡನೇ ಡಿಸ್ಕಿನಲ್ಲಿ ಇರಬೇಕಲ್ಲ ಎಂದು ಹುಡುಕಿದರೆ ಅಲ್ಲೂ ಅದೇ ಕ್ಷಣಕ್ಕೆ ಅಳಿಸಿಹೋಗಿತ್ತು. ಬರೆದದ್ದನ್ನು ಎರಡೂ ಕಡೆ ಬರೆಯುವ ಪೆಟ್ಟಿಗೆ ಅಳಿಸಿದ್ದನ್ನೂ ಎರಡೂ ಕಡೆ ಅಳಿಸುತ್ತದೆ. ಫೋಟೊ ತೆಗೆದ ಹುಡುಗನ ಬಳಿ ಪ್ರತಿ ಇದ್ದುದರಿಂದ ಮಾನ ಉಳಿಯಿತು. ಅಮೆರಿಕದ ಬರ್ಕ್ಲಿಯಲ್ಲಿ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ರೇಡ್ ಬಗ್ಗೆ, ಅಂದರೆ ಮಿರರ್ ಕೂಡ ಸೇರಿದಂತೆ ಹಲವು ಡಿಸ್ಕ್ ಜೋಡಿಸುವ ವಿಧಾನದ ಬಗ್ಗೆ, ಬರೆದಾಗ ಅದರ ಒಂದು ಉದ್ದೇಶ ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲಬಾರದು ಎಂಬುದಾಗಿತ್ತು. ಕೈತಪ್ಪಿ ಅಳಿಸಿದ್ದಕ್ಕೆ, ಸಿಡಿಲಿಗೆ, ಕಳ್ಳತನಕ್ಕೆ ಅದರಲ್ಲಿ ಉತ್ತರವಿಲ್ಲ.

ಇಷ್ಟು ತಿಳಿದ ಮೇಲೂ ನಾನು ಇನ್ನೂ ದೊಡ್ಡದೊಂದು ತಪ್ಪು ಮಾಡಿದೆ. ಕ್ಯಾಸೆಟ್‌ಗಳೆಲ್ಲ ಕಂಪ್ಯೂಟರಿಗೆ ಇಳಿದವು, ಟೇಪಿಗೆ ಬೂಸಲು ಹಿಡಿದಿದೆ ಎಂದು ಅರವತ್ತೆರಡನ್ನೂ ಗುಜರಿಯವನಿಗೆ ಕೊಟ್ಟೆ. ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಬೇಡವೆಂದಿದ್ದಳು.

2. ಕೆಂಪು ದೀಪ ಹತ್ತುವ ಮೊದಲೇ ಒಂದು ಅಂಕಿ ಏರುತ್ತಿರುತ್ತದೆ

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಪಟ್ಟಿ ಎನ್ನುತ್ತಾರೆ. ಅದರಲ್ಲಿ ನಾನು ಈಗ ನೋಡುವುದು ನಾಲ್ಕೇ ಸಾಲು. 5ನೆಯದು, ಕೆಟ್ಟ ಜಾಗ ಬಿಟ್ಟು ಬೇರೆ ಜಾಗಕ್ಕೆ ಎಷ್ಟು ಸೆಕ್ಟರು (ಮಾಹಿತಿ ಬರೆಯುವ ಸಣ್ಣ ತುಂಡು) ಬದಲಾಯಿಸಿದ್ದೇನೆ ಎಂಬ ಲೆಕ್ಕ. 197, ಓದಲು ತಡವರಿಸಿ ತೀರ್ಮಾನವಾಗದೆ ಉಳಿದವು. 198, ಪರೀಕ್ಷೆಯಲ್ಲೂ ಓದಲಾಗದವು. 199, ಡಿಸ್ಕಿಗೂ ಪೆಟ್ಟಿಗೆಗೂ ನಡುವಿನ ದಾರಿಯಲ್ಲಿ ಕೆಟ್ಟ ಮಾಹಿತಿ. ಮೊದಲ ಮೂರು ಸೊನ್ನೆಯಾಗಿದ್ದರೆ ಸಮಾಧಾನ. ಸೊನ್ನೆ ಅಲ್ಲದಿದ್ದರೂ ನಿಂತಿದ್ದರೆ ಕಾದು ನೋಡಬಹುದು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ತರಿಸಬೇಕು.

ನನ್ನ ಡಿಸ್ಕಿನಲ್ಲಿ 197ನೇ ಸಾಲು 8, ಆಮೇಲೆ 24, ಆಮೇಲೆ 112 ಆಗಿತ್ತು. ಕೆಲವು ಡಿಸ್ಕ್‌ಗಳಲ್ಲಿ ಅದು ಎಂಟೆಂಟಾಗಿ ಏರುತ್ತದೆ, ಯಾಕೆಂದರೆ ಒಳಗಿನ ಒಂದು ದೊಡ್ಡ ಸೆಕ್ಟರನ್ನು ಹೊರಗೆ ಎಂಟು ಸಣ್ಣವಾಗಿ ಎಣಿಸುತ್ತದೆ. ಇದೆಲ್ಲ ಗೊತ್ತಾದದ್ದು ಡಿಸ್ಕ್ ಕೆಟ್ಟ ಮೇಲೆ, ಪೆಟ್ಟಿಗೆಯ ದಾಖಲೆ ತೆಗೆದು ಓದಿದಾಗ. ಮಿಂಚಂಚೆಗೆ ಎಚ್ಚರಿಕೆ ಕಳಿಸುವ ವ್ಯವಸ್ಥೆ ಅದರಲ್ಲೇ ಇತ್ತು. ಐದು ವರ್ಷ ನಾನು ಅದನ್ನು ಹಾಕಿರಲಿಲ್ಲ.

199ರ ಪಾಠ ಬೇರೆ. ಅದು ಏರಿದ್ದು ನೋಡಿ ಇನ್ನೊಮ್ಮೆ ಒಂದು ಚೆನ್ನಾಗಿದ್ದ ಡಿಸ್ಕನ್ನೇ ಬದಲಾಯಿಸಿದೆ. ಹೊಸದರಲ್ಲೂ ಅದು ಏರಿತು. ಟಾರ್ಚು ಹಿಡಿದು ನೋಡಿದರೆ ಪೆಟ್ಟಿಗೆಯ ಒಳಗಿನ ಸಾಕೆಟ್ಟಿನ ಹಲ್ಲುಗಳು ಕಂದಿದ್ದವು. ಉಪ್ಪುಗಾಳಿಯ ಊರಿನವರು ಡಿಸ್ಕನ್ನು ದೂರುವ ಮೊದಲು ಅದನ್ನು ನೋಡಬೇಕು.

3. ಎಳೆಯುವ ಮೊದಲು ಸೀರಿಯಲ್ ನಂಬರ್ ಓದಿ

2019ರ ಜುಲೈ. ಪುನರ್ವಸು ಮಳೆ ಹೊಡೆಯುತ್ತಿತ್ತು. ಡಿಸ್ಕ್ 2 ಕೆಟ್ಟಿದೆ ಎಂದು ಪರದೆಯ ಮೇಲೆ ಬಂತು. ಹೊಸದೊಂದು ಡಿಸ್ಕ್ ತರಿಸಿಟ್ಟುಕೊಂಡಿದ್ದೆ. ನನ್ನ ಪೆಟ್ಟಿಗೆಯ ಟ್ರೇಗಳ ಮೇಲೆ ಅಂಕಿ ಇಲ್ಲ. ನಾನು ಎಡದಿಂದ ಎಣಿಸಿ ಎರಡನೆಯದನ್ನು ಎಳೆದೆ. ಪೆಟ್ಟಿಗೆ ಎಣಿಸುವುದು ಬಲದಿಂದ.

ಹೊಸದನ್ನು ಹಾಕಿದ ಕೂಡಲೇ ರಿಬಿಲ್ಡ್ ಶುರುವಾಯಿತು. ಅಂದರೆ ಸಾಯುತ್ತಿದ್ದ ಡಿಸ್ಕಿನಿಂದ ಹೊಸದಕ್ಕೆ ನಕಲು. ನಾನು ತೆಗೆದಿಟ್ಟ ಡಿಸ್ಕ್ ಮೇಜಿನ ಮೇಲಿತ್ತು. ನಿಜಕ್ಕೂ ಎಷ್ಟು ಕೆಟ್ಟಿದೆ ನೋಡೋಣವೆಂದು ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ವಿಂಡೋಸಿನಲ್ಲಿ ಪೂರ್ತಿ ಫಾರ್ಮ್ಯಾಟ್ ಒತ್ತಿ ಮಲಗಿದೆ. ಪೂರ್ತಿ ಫಾರ್ಮ್ಯಾಟ್ ಎಂದರೆ ಡಿಸ್ಕಿನ ತುದಿಯಿಂದ ತುದಿಗೆ ಸೊನ್ನೆ ಬರೆಯುವುದು. ಬೆಳಿಗ್ಗೆ ಎದ್ದಾಗ ಲ್ಯಾಪ್‌ಟಾಪು ಕೆಲಸ ಮುಗಿಸಿತ್ತು, ಒಂದೇ ಒಂದು ಕೆಟ್ಟ ಸೆಕ್ಟರೂ ಇರಲಿಲ್ಲ. ಅತ್ತ ಪೆಟ್ಟಿಗೆಯಲ್ಲಿ ರಿಬಿಲ್ಡ್ ಶೇಕಡಾ 41ಕ್ಕೆ ನಿಂತು, ಕೆಂಪು ದೀಪ ಹತ್ತಿತ್ತು. ಎರಡೂ ಡಿಸ್ಕಿನ ಚೀಟಿ ಓದಿದೆ. ಆ ಚೀಟಿಯನ್ನು ಹಿಂದಿನ ರಾತ್ರಿ ಅರ್ಧ ನಿಮಿಷ ಓದಿದ್ದರೆ ಸಾಕಿತ್ತು. ಅಡುಗೆಮನೆಯಲ್ಲಿ ಆಯಿ ದೋಸೆ ಹೊಯ್ಯುತ್ತಿದ್ದಳು. ಅವಳಿಗೆ ಹೇಳಲು ನನಗೆ ಮೂರು ದಿನ ಬೇಕಾಯಿತು.

ಈಗ ಪ್ರತಿ ಟ್ರೇಯ ಮುಂದೆ ಬಿಳಿ ಪಟ್ಟಿ ಅಂಟಿಸಿ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದಿದ್ದೇನೆ. ಪರದೆಯ ಮೇಲಿನ ನಂಬರನ್ನು ಕಾಗದಕ್ಕೆ ಬರೆದುಕೊಂಡು, ಪೆಟ್ಟಿಗೆ ಆರಿಸಿ, ಆಮೇಲೆ ಕೈ ಹಾಕುತ್ತೇನೆ. ತೆಗೆದ ಡಿಸ್ಕ್ ಎಷ್ಟೇ ಕೆಟ್ಟಿರಲಿ, ಹೊಸದು ಪೂರ್ತಿ ತುಂಬಿ, ಒಂದಷ್ಟು ಫೈಲು ತೆರೆದು ನೋಡಿ, ಒಂದು ತಿಂಗಳು ಕಳೆಯುವ ತನಕ ಅದನ್ನು ಮುಟ್ಟುವುದಿಲ್ಲ.

4. ಸಾಯುವ ಡಿಸ್ಕಿನಿಂದ ಫೈಲು ಆರಿಸಬೇಡಿ, ಇಡೀ ಡಿಸ್ಕನ್ನು ಇಳಿಸಿಕೊಳ್ಳಿ

ಆ ಬೆಳಿಗ್ಗೆ ನನ್ನ ಕೈ ಮೊದಲು ಹೋದದ್ದು ಅಪ್ಪಯ್ಯನ ಫೋಲ್ಡರಿಗೆ. ಎಳೆದು ಬೇರೆ ಕಡೆ ಹಾಕಲು ನೋಡಿದೆ. ಎರಡು ಫೈಲು ಬಂದವು, ಮೂರನೆಯದರಲ್ಲಿ ಡಿಸ್ಕ್ ಕರ್ರ್ ಎಂದು ಒದ್ದಾಡತೊಡಗಿತು. ಅದೃಷ್ಟಕ್ಕೆ ಆಗ ಕರೆಂಟು ಹೋಯಿತು, ಎಲ್ಲ ನಿಂತಿತು. ಮಳೆಗಾಲದ ಆ ಮಬ್ಬಿನಲ್ಲಿ ಕುಮಟಾದಲ್ಲಿರುವ ಭಾವನಿಗೆ ಫೋನು ಮಾಡಿದೆ. ಅವನ ಮೊದಲ ಮಾತು, “ಕರೆಂಟು ಬಂದರೂ ಹಚ್ಚಬೇಡ.”

ಸಂಜೆ ಅವನು 4 ಟಿಬಿಯ ಒಂದು ಯುಎಸ್‌ಬಿ ಡಿಸ್ಕ್, ಲಿನಕ್ಸ್ ಹಾಕಿದ ಪೆನ್‌ಡ್ರೈವು ತಂದ. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಅದರಲ್ಲಿತ್ತು. ಅದು ಫೈಲು, ಫೋಲ್ಡರು ಏನನ್ನೂ ನೋಡುವುದಿಲ್ಲ. ಡಿಸ್ಕಿನ ಮೊದಲ ಸೆಕ್ಟರಿನಿಂದ ಓದುತ್ತ ಹೋಗುತ್ತದೆ. ಎಡವಿದಲ್ಲಿ ಹಟ ಮಾಡದೆ ದಾಟಿ ಮುಂದೆ ಹೋಗಿ, ಸುಲಭದ್ದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಎಲ್ಲೆಲ್ಲಿ ಬಿಟ್ಟಿದ್ದೇನೆ ಎಂದು ಒಂದು ನಕ್ಷೆ ಬರೆದಿಡುತ್ತದೆ. ಕರೆಂಟು ಹೋದರೆ, ಡಿಸ್ಕ್ ಬಿಸಿಯಾಗಿದೆ ಎಂದು ನಾವೇ ನಿಲ್ಲಿಸಿದರೆ, ಆ ನಕ್ಷೆ ಇದ್ದಲ್ಲಿಂದ ಮುಂದುವರಿಸಬಹುದು. ಬಿಟ್ಟ ಜಾಗಗಳಿಗೆ ಕೊನೆಗೆ ಮರಳುತ್ತದೆ. ಮೂಲ ಯಾವುದು, ನಕಲು ಯಾವುದು ಎಂದು ಭಾವ ನನ್ನಿಂದ ಎರಡು ಸಲ ಸೀರಿಯಲ್ ನಂಬರ್ ಓದಿಸಿದ. ಅದನ್ನು ತಿರುವುಮುರುವು ಮಾಡಿದರೆ ಮೂಲವೇ ಅಳಿಯುತ್ತದೆ.

2 ಟಿಬಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ ರಾತ್ರಿಯಲ್ಲಿ ಬಂತು. ಉಳಿದ ಚೂರಿಗೆ ನಾಲ್ಕು ದಿನ. ಕೊನೆಗೂ ಬಾರದೆ ಉಳಿದದ್ದು 140 ಎಂಬಿ. ಫೈಲ್ ಸಿಸ್ಟಮ್ ರಿಪೇರಿ ಮಾಡಿದ್ದು ನಕಲಿನ ಮೇಲೆ, ಮೂಲದ ಮೇಲಲ್ಲ. ಮನೆಬಳಕೆಯ ಬಹಳಷ್ಟು ನಾಸ್ ಪೆಟ್ಟಿಗೆಗಳ ಒಳಗಿರುವುದೂ ಲಿನಕ್ಸೇ. ಮಿರರಿನ ಒಂದು ಡಿಸ್ಕನ್ನು ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಓದಲು ಮಾತ್ರ ಎಂದು ತೆರೆಯಲು ಸಾಮಾನ್ಯವಾಗಿ ಆಗುತ್ತದೆ. ವಿಂಡೋಸ್ ಅದೇ ಡಿಸ್ಕನ್ನು ನೋಡಿ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಬೇಡ ಎನ್ನಿ.

5. ಫ್ರಿಜ್ಜಿನಲ್ಲಿಡಬೇಡಿ

ಇದು ಪಕ್ಕದ ಮನೆಯವರ ಡಿಸ್ಕಿನ ಸಂಗತಿ, ನನಗೆ ಇಂದಿಗೂ ನೋವಿದೆ. ಟಕ್, ಟಕ್ ಎಂದು ಬಡಿಯುತ್ತಿದ್ದ ಅವರ ಡಿಸ್ಕನ್ನು, ಎಲ್ಲೋ ಓದಿದ್ದನ್ನು ನಂಬಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟೆ. ಹೊರಗೆ ತೆಗೆದ ಎರಡು ನಿಮಿಷಕ್ಕೆ ನಮ್ಮ ಊರಿನ ಗಾಳಿಗೆ ಅದರ ಮೈಯೆಲ್ಲ ನೀರು. ಡಿಸ್ಕಿನೊಳಗಿನ ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೊಮೀಟರು ಎತ್ತರದಲ್ಲಿ ಹಾರುತ್ತಿರುತ್ತದೆ. ನಮ್ಮ ಒಂದು ಕೂದಲಿನ ದಪ್ಪ ಅದಕ್ಕೆ ಸಾವಿರಾರು ಪಟ್ಟು. ಅಂಥಲ್ಲಿ ತೇವಕ್ಕೆ ಏನು ಕೆಲಸ? ಬಡಿಯುವ ಸದ್ದು ಕೇಳಿದರೆ ಕೂಡಲೇ ಆರಿಸಿ, ಧೂಳಿಲ್ಲದ ಕೋಣೆಯಿರುವ ಪ್ರಯೋಗಾಲಯಕ್ಕೆ ಕಳಿಸಬೇಕು. ಅದು ದುಬಾರಿ. ಆದರೆ ನಾನು ಹಾಗೆ ಮಾಡಿದ್ದರೆ ಅವರ ಮಗಳ ಮೊದಲ ಹುಟ್ಟುಹಬ್ಬದ ವಿಡಿಯೊ ಉಳಿಯುವ ಸಾಧ್ಯತೆಯಾದರೂ ಇರುತ್ತಿತ್ತು.

6. ಯುಪಿಎಸ್ ಇಲ್ಲದೆ ರಿಬಿಲ್ಡ್ ಶುರುಮಾಡಬೇಡಿ

4 ಟಿಬಿ ಡಿಸ್ಕ್ ಪೂರ್ತಿ ತುಂಬಲು ಎಷ್ಟೇ ಬೇಗವೆಂದರೂ ಏಳೆಂಟು ತಾಸು ಬೇಕು. ಅಷ್ಟು ಹೊತ್ತು ಮಳೆಗಾಲದಲ್ಲಿ ಕರೆಂಟು ಬಿಡದೆ ಇರುವುದನ್ನು ನಾನು ಕಂಡಿಲ್ಲ. ಸಣ್ಣದೊಂದು ಯುಪಿಎಸ್ ತಂದು ಅದರ ಯುಎಸ್‌ಬಿ ತಂತಿಯನ್ನು ನಾಸ್‌ಗೆ ಸೇರಿಸಿದರೆ ಬ್ಯಾಟರಿ ಮುಗಿಯುವ ಮೊದಲು ಪೆಟ್ಟಿಗೆ ತಾನಾಗಿ ಆರುತ್ತದೆ. ಗುಡುಗು ಶುರುವಾಗುವ ಮೊದಲೇ ನೆಟ್ ಕೇಬಲ್ಲನ್ನೂ ಕೀಳಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸದೆ ಒಳಕೋಣೆಗೆ ತಂದಿದ್ದೇನೆ.

7. ಹೊಸ ಡಿಸ್ಕ್ ಕೊಳ್ಳುವಾಗ ಹೆಂಚಿನ ಮಾಡು ನೆನಪಿರಲಿ

ಡಿಸ್ಕ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಮಾಹಿತಿ ಬರೆಯುವ ಸಾಲುಗಳು ಪಕ್ಕಪಕ್ಕ ಇರುತ್ತವೆ, ಅದು ಸಿಎಂಆರ್. ಇನ್ನೊಂದರಲ್ಲಿ ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅಂಚು ಏರಿರುತ್ತದೆ, ಅದು ಎಸ್‌ಎಂಆರ್. ನಡುವಿನ ಒಂದು ಹೆಂಚು ಬದಲಾಯಿಸಲು ಮೇಲಿನವನ್ನೂ ಸರಿಸಬೇಕಲ್ಲ, ಎಸ್‌ಎಂಆರ್‌ನಲ್ಲಿ ಬರೆಯುವುದೂ ಹಾಗೇ. ರಿಬಿಲ್ಡಿನಂಥ ಬಿಡುವಿಲ್ಲದ ಬರವಣಿಗೆಗೆ ಅದು ಒಗ್ಗುವುದಿಲ್ಲ. ನಾಸ್‌ಗೆಂದೇ ಮಾರಿದ ಕೆಲವು ಡಿಸ್ಕ್‌ಗಳೂ ಎಸ್‌ಎಂಆರ್ ಎಂದು 2020ರಲ್ಲಿ ಹೊರಬಿತ್ತು. ಆದ್ದರಿಂದ ಮಾಡೆಲ್ ನಂಬರ್ ಹಿಡಿದು ವಿಚಾರಿಸಿಯೇ ಕೊಳ್ಳಿ. ಸಾಮರ್ಥ್ಯ ಹಳೆಯದಕ್ಕಿಂತ ಒಂದು ಕೂದಲು ಕಡಿಮೆಯಾದರೂ ಪೆಟ್ಟಿಗೆ ಒಪ್ಪದಿರಬಹುದು. ಒಂದೇ ದಿನ ಅಂಗಡಿಯ ಒಂದೇ ರಟ್ಟಿನ ಡಬ್ಬಿಯಿಂದ ಎರಡನ್ನೂ ಕೊಳ್ಳಬೇಡಿ, ಒಟ್ಟಿಗೆ ಹುಟ್ಟಿದವು ಒಟ್ಟಿಗೆ ಮುಪ್ಪಾಗುತ್ತವೆ.

8. ತೆರೆದು ಕೇಳದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ

ಆ ಜುಲೈ ಆದಮೇಲೆ ಎರಡು ಯುಎಸ್‌ಬಿ ಡಿಸ್ಕ್ ತಂದೆ. ಒಂದು ನಮ್ಮಲ್ಲಿ, ಇನ್ನೊಂದು ದೇವಿಮನೆ ಘಟ್ಟ ಹತ್ತಿದರೆ ಸಿಗುವ ಶಿರಸಿಯ ತಂಗಿಯ ಮನೆಯಲ್ಲಿ. ದೀಪಾವಳಿಗೆ, ಯುಗಾದಿಗೆ ಅದಲುಬದಲು. ಮೊದಲ ವರ್ಷ ಅದರಲ್ಲೂ ಎಡವಿದೆ: ಬ್ಯಾಕಪ್ಪಿಗೆ ಫೋಲ್ಡರಿನ ದಾರಿ ತಪ್ಪಾಗಿ ಕೊಟ್ಟಿದ್ದರಿಂದ ಏಳು ತಿಂಗಳು ಖಾಲಿ ಫೋಲ್ಡರೇ ಶಿರಸಿಗೆ ಹೋಗಿ ಬಂದಿತ್ತು. ಈಗ ಪ್ರತಿ ಸಲ ತಂಗಿಯ ಮನೆಯಲ್ಲೇ ಡಿಸ್ಕ್ ಹಚ್ಚಿ, ಯಾವುದಾದರೂ ಒಂದು ಪ್ರಸಂಗವನ್ನು ಕಾಲು ತಾಸು ಎಲ್ಲರೂ ಕೂತು ಕೇಳುತ್ತೇವೆ.

ಬಾರದೆ ಉಳಿದ 140 ಎಂಬಿಯಲ್ಲಿ ಹೆಚ್ಚಿನದು ಒಂದೇ ಫೈಲಿನದು. 1991ರ ಶ್ರಾವಣದಲ್ಲಿ ಹಳದೀಪುರದ ಒಂದು ಮನೆಯ ಜಗಲಿಯಲ್ಲಿ ನಡೆದ ವಾಲಿವಧೆ. ಅಪ್ಪಯ್ಯ ವಾಲಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಹನ್ನೊಂದು ನಿಮಿಷ ಅದರಲ್ಲಿ ಇಲ್ಲ. ರಾಮನ ಉತ್ತರ ಪೂರ್ತಿ ಇದೆ. ಆ ರಾತ್ರಿ ಅಲ್ಲಿ ಇನ್ನೂ ಎರಡು ಟೇಪ್‌ರೆಕಾರ್ಡರ್ ಇದ್ದವೆಂದು ಆಯಿ ಹೇಳುತ್ತಾಳೆ. ಹೊನ್ನಾವರ, ಕರ್ಕಿ, ಕುಮಟಾ ಕಡೆ ಯಾರದಾದರೂ ಅಟ್ಟದ ಮೇಲೆ ಆ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೆಯಬೇಡಿ. ನಾನೇ ಬಂದು ಇಳಿಸಿಕೊಂಡು, ಕ್ಯಾಸೆಟ್ಟನ್ನು ಹಾಗೇ ಮರಳಿ ಕೊಡುತ್ತೇನೆ.